ಅಲಂಕಾರಶಾಸ್ತ್ರದ ಅಧ್ಯಯನ: ಗ್ರಂಥಾಲಯ ಮತ್ತು ಅಂತರ್ಜಾಲದ ಆಕರಗಳು

1

ಕನ್ನಡ ಅಲಂಕಾರಶಾಸ್ತ್ರವನ್ನು ಕುರಿತು ಸಂಶೋಧನೆ ಕೈಗೊಳ್ಳುವವರು ಸಾಮಾನ್ಯವಾಗಿ ಮೊದಲು ಹೇಳುವ ಮಾತು, ಆಕರಗಳು ದೊರೆಯುವುದಿಲ್ಲ ಎಂಬುದು. ಈ ಶತಮಾನದ ಆರಂಭದವರೆಗೂ ಈ ಮಾತಿಗೆ ಆಧಾರವಿತ್ತು. ಹಳೆಯ ಆವೃತ್ತಿಯೊಂದನ್ನು ನೋಡಬೇಕಾದರೆ ಮೈಸೂರಿಗೋ ಧಾರವಾಡಕ್ಕೋ ಮದರಾಸಿಗೋ ಹೋಗಿ, ಅನುಮತಿ ಪಡೆದು, ಕೈಯಲ್ಲಿ ಬರೆದುಕೊಳ್ಳಬೇಕಾಗಿತ್ತು. ಇಂದಿನ ತೊಡಕು ಬೇರೆ ಬಗೆಯದು. ಮನೆಯಲ್ಲಿ ಕುಳಿತವರಿಗೂ ಪುಸ್ತಕಗಳು ದೊರೆಯುತ್ತವೆ. ಆದರೆ ಮೊದಲು ದೊರೆತ ಪ್ರತಿಯನ್ನೇ ಆಧಾರಪ್ರತಿಯೆಂದು ಸ್ವೀಕರಿಸುವ ರೂಢಿ ನಮ್ಮ ಸಂಶೋಧನ ಪ್ರಬಂಧಗಳಲ್ಲಿ ಬೆಳೆಯುತ್ತಿದೆ. ಅಲಂಕಾರಶಾಸ್ತ್ರದಂತಹ ವಿಷಯದಲ್ಲಿ ಇದರಿಂದ ಆಗುವ ಹಾನಿ ಚಿಕ್ಕದಲ್ಲ. ಇಲ್ಲಿ ಒಂದು ಪಾಠಾಂತರ, ಒಂದು ಪದ್ಯದ ಸ್ಥಾನ, ಒಂದು ಪಾರಿಭಾಷಿಕ ಪದದ ಅರ್ಥ, ಇವುಗಳ ಮೇಲೆಯೇ ವಾದದ ತೂಕವೆಲ್ಲ ನಿಂತಿರುತ್ತದೆ.

ಆಕರಗಳ ಪಟ್ಟಿಯೊಂದನ್ನು ಕೊಟ್ಟು ಮುಗಿಸುವುದಕ್ಕಿಂತ, ಒಂದು ನಿರ್ದಿಷ್ಟ ಪ್ರಶ್ನೆಯನ್ನು ಹಿಡಿದು ಅದರ ಜಾಡಿನಲ್ಲಿ ಆಕರಗಳನ್ನು ಅರಸುವುದು ಹೆಚ್ಚು ಉಪಯುಕ್ತವೆಂದು ನನ್ನ ಭಾವನೆ. ನಾನು ಆರಿಸಿಕೊಂಡಿರುವುದು ಕವಿರಾಜಮಾರ್ಗದಲ್ಲಿ ಬರುವ 'ಧ್ವನಿ'ಯ ಪ್ರಶ್ನೆಯನ್ನು. ಕವಿರಾಜಮಾರ್ಗದ ಮೂರನೆಯ ಪರಿಚ್ಛೇದದಲ್ಲಿ ಅರ್ಥಾಲಂಕಾರಗಳ ನಿರೂಪಣೆಯ ನಡುವೆ ಧ್ವನಿ ಎಂಬುದನ್ನು ಒಂದು ಅಲಂಕಾರವೆಂದು ಹೇಳಲಾಗಿದೆ. ಗ್ರಂಥಕಾರನಿಗೆ ಮುಖ್ಯ ಆಧಾರನಾದ ದಂಡಿಯಲ್ಲಾಗಲಿ, ಅವನು ಬಲ್ಲ ಭಾಮಹನಲ್ಲಾಗಲಿ ಈ ಹೆಸರಿನ ಅಲಂಕಾರವಿಲ್ಲ. ಧ್ವನಿಯನ್ನು ಕಾವ್ಯದ ಆತ್ಮವೆಂದು ಸ್ಥಾಪಿಸಿದ ಆನಂದವರ್ಧನನು ಕಾಶ್ಮೀರದ ಅವಂತಿವರ್ಮನ (855-883) ಕಾಲದವನು. ಕವಿರಾಜಮಾರ್ಗ ರಚಿತವಾದದ್ದು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ (814-878) ಆಸ್ಥಾನದಲ್ಲಿ. ಹೀಗಿರುವಾಗ ಕಾಶ್ಮೀರದ ಹೊಸ ವಿಚಾರ ಇಷ್ಟು ಬೇಗ ಮಾನ್ಯಖೇಟಕ್ಕೆ ಬಂದಿತ್ತೆ? ಅಥವಾ ಆನಂದವರ್ಧನನಿಗೂ ಹಿಂದೆ ಈ ಪದ ಬೇರೊಂದು ಅರ್ಥದಲ್ಲಿ ಬಳಕೆಯಲ್ಲಿತ್ತೆ? ಇಲ್ಲವೆ ಆ ಭಾಗ ಗ್ರಂಥಕ್ಕೆ ಅನಂತರ ಸೇರಿದ್ದೆ? ತನಗಿಂತ ಹಿಂದಿನ ಬಲ್ಲವರೂ ಧ್ವನಿಯನ್ನು ಹೇಳಿದ್ದರೆಂದು ಆನಂದವರ್ಧನನೇ ಗ್ರಂಥಾರಂಭದಲ್ಲಿ ಒಪ್ಪಿಕೊಂಡಿರುವುದರಿಂದ ಎರಡನೆಯ ಸಾಧ್ಯತೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಈ ಮೂರು ಸಾಧ್ಯತೆಗಳಲ್ಲಿ ಒಂದೊಂದನ್ನು ಪರಿಶೀಲಿಸುವುದಕ್ಕೂ ಒಂದೊಂದು ಬಗೆಯ ಆಕರ ಬೇಕು.

2

ಮೊದಲು ಗ್ರಂಥಾಲಯದ ಕಪಾಟುಗಳನ್ನು ನೋಡೋಣ. ನಮ್ಮ ಬಹುಪಾಲು ವಿಶ್ವವಿದ್ಯಾಲಯಗಳಲ್ಲಿ ಬಳಕೆಯಲ್ಲಿರುವ ಡ್ಯೂಯಿ ದಶಾಂಶ ವರ್ಗೀಕರಣದಲ್ಲಿ ಅಲಂಕಾರಶಾಸ್ತ್ರಕ್ಕೆ ಒಂದೇ ನೆಲೆಯಿಲ್ಲ. ಪಾಶ್ಚಾತ್ಯ ರೆಟರಿಕ್ ಕುರಿತ ಗ್ರಂಥಗಳು 808ರಲ್ಲಿ, ಸಂಸ್ಕೃತ ಸಾಹಿತ್ಯಕ್ಕೆ ಸಂಬಂಧಿಸಿದವು 891.2ರಲ್ಲಿ, ಕನ್ನಡ ಸಾಹಿತ್ಯ 894.814ರಲ್ಲಿ, ಕನ್ನಡ ವ್ಯಾಕರಣ 494.814ರಲ್ಲಿ ಇರುತ್ತವೆ. ನಮ್ಮ ಪ್ರಶ್ನೆಗೆ ಬೇಕಾದ ಕವಿರಾಜಮಾರ್ಗ ಒಂದು ಕಡೆ, ಧ್ವನ್ಯಾಲೋಕ ಇನ್ನೊಂದು ಕಡೆ, ಎರಡನ್ನೂ ಕೂಡಿಸಿ ಚರ್ಚಿಸಿದ ಪುಸ್ತಕ ಮತ್ತೊಂದು ಕಡೆ. ಎರಡನೆಯ ನಾಗವರ್ಮನ ಕಾವ್ಯಾವಲೋಕನದ ಸ್ಥಿತಿ ಇನ್ನೂ ವಿಚಿತ್ರವಾದುದು. ಅದರ ಮೊದಲ ಅಧಿಕರಣವಾದ ಶಬ್ದಸ್ಮೃತಿ ವ್ಯಾಕರಣಕ್ಕೆ ಸೇರಿದ್ದು, ಉಳಿದವು ಕಾವ್ಯಲಕ್ಷಣಕ್ಕೆ ಸೇರಿದವು. ಸೂಚೀಕಾರರ ದೃಷ್ಟಿ ಯಾವುದರ ಮೇಲೆ ಬಿತ್ತೋ ಅದಕ್ಕೆ ತಕ್ಕಂತೆ ಪುಸ್ತಕ ವ್ಯಾಕರಣದ ಸಾಲಿಗೋ ಸಾಹಿತ್ಯದ ಸಾಲಿಗೋ ಸೇರಬಹುದು. ಆದುದರಿಂದ ಒಂದು ಸಂಖ್ಯೆಯ ಕಪಾಟನ್ನು ನೋಡಿ ಪುಸ್ತಕವಿಲ್ಲವೆಂದು ಹಿಂದಿರುಗಬಾರದು.

ಕರ್ತೃವಿನ ಹೆಸರಿನ ತೊಡಕು ಇದಕ್ಕಿಂತ ದೊಡ್ಡದು. 1898ರಲ್ಲಿ ಕೆ. ಬಿ. ಪಾಠಕರು ಬಿಬ್ಲಿಯೋಥಿಕ ಕರ್ನಾಟಿಕ ಮಾಲೆಯಲ್ಲಿ ಕವಿರಾಜಮಾರ್ಗವನ್ನು ಮೊದಲ ಬಾರಿಗೆ ಅಚ್ಚು ಹಾಕಿಸಿದಾಗ ಅದನ್ನು ನೃಪತುಂಗನ ಕೃತಿಯೆಂದೇ ಪ್ರಕಟಿಸಿದರು. ಬಳಿಕ ಬೆಳೆದ ಚರ್ಚೆಯಲ್ಲಿ ಶ್ರೀವಿಜಯನೇ ಕರ್ತೃವೆಂಬ ಅಭಿಪ್ರಾಯ ಬಲಗೊಂಡಿತು. ಗ್ರಂಥಸೂಚಿಗಳಲ್ಲಿ ಈ ಚರ್ಚೆಯ ಗುರುತು ಹಾಗೆಯೇ ಉಳಿದಿದೆ: ಒಂದೇ ಗ್ರಂಥದ ಆವೃತ್ತಿಗಳು ನೃಪತುಂಗ, ಅಮೋಘವರ್ಷ, ಶ್ರೀವಿಜಯ ಎಂಬ ಮೂರು ಹೆಸರುಗಳ ಅಡಿಯಲ್ಲಿ ಹಂಚಿಹೋಗಿವೆ. ನಾಗವರ್ಮನ ವಿಷಯದಲ್ಲಿ ಇದು ತಿರುಗುಮುರುಗಾಗಿದೆ. ಛಂದೋಂಬುಧಿಯ ನಾಗವರ್ಮ ಬೇರೆ, ಕಾವ್ಯಾವಲೋಕನದ ನಾಗವರ್ಮ ಬೇರೆ. ಸೂಚಿಗಳಲ್ಲಿ ಇಬ್ಬರೂ ಒಂದೇ ಹೆಸರಿನ ಕೆಳಗೆ ಕಲೆತುಹೋಗುತ್ತಾರೆ. ಇಂತಹ ಕಡೆ ಕರ್ತೃವಿಗಿಂತ ಕೃತಿಯ ಹೆಸರಿನಿಂದ ಹುಡುಕುವುದು ಲೇಸು.

ಇಂಗ್ಲಿಷ್ ಸೂಚಿಗಳನ್ನು ಬಳಸುವವರು ಮತ್ತೊಂದು ಸಂಗತಿಯನ್ನು ನೆನಪಿಡಬೇಕು. 19ನೆಯ ಶತಮಾನದ ವಿದ್ವಾಂಸರು ಅಲಂಕಾರಶಾಸ್ತ್ರವನ್ನು 'ರೆಟರಿಕ್' ಎಂದು ಭಾಷಾಂತರಿಸುತ್ತಿದ್ದರು. ಎಸ್. ಕೆ. ಡೇ, ಪಿ. ವಿ. ಕಾಣೆ ಮೊದಲಾದವರ ಇತಿಹಾಸಗ್ರಂಥಗಳ ಕಾಲಕ್ಕೆ 'ಪೊಯೆಟಿಕ್ಸ್' ಎಂಬ ಪದ ನೆಲೆಗೊಂಡಿತು. ಅರಿಸ್ಟಾಟಲನ ರೆಟರಿಕ್ ಸಭೆಯಲ್ಲಿ ಮಾತನಾಡಿ ಒಪ್ಪಿಸುವ ಕಲೆಗೆ ಸಂಬಂಧಿಸಿದ್ದು. ನಮ್ಮ ಆಲಂಕಾರಿಕರ ಗಮನವೆಲ್ಲ ಕಾವ್ಯದ ಕಡೆಗೆ. ಎರಡೂ ಒಂದೇ ಅಲ್ಲವೆಂಬುದು ನಿಜ. ಆದರೂ ಹುಡುಕುವಾಗ ಎರಡು ಪದಗಳನ್ನೂ ಬಳಸದಿದ್ದರೆ ಹಳೆಯ ಪುಸ್ತಕಗಳ ಒಂದು ಭಾಗವೇ ಕಣ್ಣಿಗೆ ಬೀಳುವುದಿಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಕನ್ನಡ ಪುಸ್ತಕಗಳಿಗೆ ಎಲ್. ಡಿ. ಬಾರ್ನೆಟ್ ಸಿದ್ಧಪಡಿಸಿದ 1910ರ ಸೂಚಿ ಇಂದಿಗೂ 19ನೆಯ ಶತಮಾನದ ಮುದ್ರಣಗಳನ್ನು ಗುರುತಿಸಲು ನೆರವಾಗುತ್ತದೆ. ನಮ್ಮಲ್ಲೇ ತಯಾರಾದ ಸಾಧನಗಳಲ್ಲಿ ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೂರು ಸಂಪುಟಗಳಿಗೆ (1907, 1919, 1929) ಸಮನಾದದ್ದು ಮತ್ತೊಂದಿಲ್ಲ. ಉದಯಾದಿತ್ಯನ ಅಲಂಕಾರ, ಕವಿಕಾಮನ ಶೃಂಗಾರರತ್ನಾಕರ, ದಂಡಿಯನ್ನು ಕನ್ನಡಿಸಿದ ಮಾಧವನ ಅಲಂಕಾರ, ಸಾಳ್ವನ ರಸರತ್ನಾಕರ, ತಿರುಮಲಾರ್ಯನ ಅಪ್ರತಿಮವೀರಚರಿತೆ, ಇವುಗಳ ಪರಂಪರೆಯನ್ನು ಒಂದು ಸಾಲಿನಲ್ಲಿ ನೋಡಬೇಕಾದವರು ಮೊದಲು ತೆರೆಯಬೇಕಾದದ್ದು ಕವಿಚರಿತೆಯನ್ನೇ. ಅಲ್ಲಿನ ಕಾಲನಿರ್ಣಯಗಳಲ್ಲಿ ಕೆಲವು ಅನಂತರ ಬದಲಾಗಿವೆ ಎಂಬ ಎಚ್ಚರ ಮಾತ್ರ ಇರಲಿ.

3

ಇನ್ನು ಆವೃತ್ತಿಗಳ ವಿಚಾರ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಪಾಠಕರ ಆವೃತ್ತಿಯ ಬಳಿಕ ಮದರಾಸು ವಿಶ್ವವಿದ್ಯಾಲಯ 1930ರಲ್ಲಿ ಎ. ವೆಂಕಟರಾವ್ ಮತ್ತು ಎಚ್. ಶೇಷಯ್ಯಂಗಾರ್ ಅವರ ಆವೃತ್ತಿಯನ್ನು ಹೊರತಂದಿತು. 1968ರಲ್ಲಿ ಎಂ. ವಿ. ಸೀತಾರಾಮಯ್ಯನವರ ಆವೃತ್ತಿ, 1983ರಲ್ಲಿ ಕೆ. ಕೃಷ್ಣಮೂರ್ತಿಯವರ ಆವೃತ್ತಿ ಬಂದವು. ಆರ್. ವಿ. ಎಸ್. ಸುಂದರಂ ಮತ್ತು ದೇವೆನ್ ಪಟೇಲ್ ಅವರ ಇಂಗ್ಲಿಷ್ ಅನುವಾದ 2017ರಲ್ಲಿ ಪ್ರಕಟವಾಯಿತು. ಧ್ವನಿಯ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಇವುಗಳಲ್ಲಿ ಒಂದನ್ನು ನೋಡಿದರೆ ಸಾಲದು. ಪದ್ಯದ ಪಾಠ ಹೇಗಿದೆ, ಲಕ್ಷ್ಯಪದ್ಯ ಯಾವುದು, ಅದು ಯಾವ ಅಲಂಕಾರದ ಅನಂತರ ಬರುತ್ತದೆ, ಸಂಪಾದಕರು ಅದಕ್ಕೆ ಯಾವ ಟಿಪ್ಪಣಿ ಬರೆದಿದ್ದಾರೆ ಎಂಬುದನ್ನು ಆವೃತ್ತಿಯಿಂದ ಆವೃತ್ತಿಗೆ ಹೋಲಿಸಿ ನೋಡಬೇಕು. ಪದ್ಯಸಂಖ್ಯೆ ಎಲ್ಲ ಆವೃತ್ತಿಗಳಲ್ಲಿಯೂ ಒಂದೇ ಎಂದು ನಂಬಿ ಹೊರಡುವುದು ಅಪಾಯಕರ. ಪರಿಚ್ಛೇದ, ಪದ್ಯಸಂಖ್ಯೆಗಳ ಜೊತೆಗೆ ಸಂಪಾದಕರ ಹೆಸರು, ವರ್ಷಗಳನ್ನು ಹೇಳದ ಉಲ್ಲೇಖ ಅಲಂಕಾರಶಾಸ್ತ್ರದಲ್ಲಿ ಅರ್ಧ ಉಲ್ಲೇಖವೇ ಸರಿ.

ಕೆ. ಕೃಷ್ಣಮೂರ್ತಿಯವರ ಆವೃತ್ತಿಗೆ ನಮ್ಮ ಪ್ರಶ್ನೆಯ ದೃಷ್ಟಿಯಿಂದ ವಿಶೇಷ ಮಹತ್ತ್ವವಿದೆ. ಧ್ವನ್ಯಾಲೋಕವನ್ನು ಇಂಗ್ಲಿಷ್ ಅನುವಾದದೊಡನೆ ಸಂಪಾದಿಸಿದವರೂ (1974) ಕುಂತಕನ ವಕ್ರೋಕ್ತಿಜೀವಿತವನ್ನು ಪರಿಷ್ಕರಿಸಿ ಅನುವಾದಿಸಿದವರೂ (1977) ಅವರೇ. ಎರಡನ್ನೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಪ್ರಕಟಿಸಿತು. ಕಾಶ್ಮೀರದ ಪರಂಪರೆಯನ್ನೂ ಮಾನ್ಯಖೇಟದ ಗ್ರಂಥವನ್ನೂ ಒಬ್ಬರೇ ವಿದ್ವಾಂಸರು ಇಷ್ಟು ಹತ್ತಿರದಿಂದ ಬಲ್ಲವರಾಗಿದ್ದದ್ದು ನಮ್ಮ ಭಾಗ್ಯ. ಇದರ ಜೊತೆಗೆ ತೀ. ನಂ. ಶ್ರೀಕಂಠಯ್ಯನವರ ಭಾರತೀಯ ಕಾವ್ಯಮೀಮಾಂಸೆ (1953) ಇದ್ದೇ ಇದೆ. ತರಗತಿಯ ಪಠ್ಯವೆಂದು ಮಾತ್ರ ಅದನ್ನು ಓದಿ ಬಿಟ್ಟವರು ಮತ್ತೊಮ್ಮೆ ಅಡಿಟಿಪ್ಪಣಿಗಳ ಸಹಿತ ಓದಬೇಕು. ಆ ಟಿಪ್ಪಣಿಗಳೇ ಒಂದು ಆಕರಸೂಚಿ.

ದಂಡಿಯ ಕಾವ್ಯಾದರ್ಶವನ್ನು ಪಕ್ಕದಲ್ಲಿಟ್ಟುಕೊಳ್ಳದೆ ಕವಿರಾಜಮಾರ್ಗವನ್ನು ಓದುವಂತಿಲ್ಲ. ಎರಡರ ವಸ್ತುಕ್ರಮದಲ್ಲಿ ವ್ಯತ್ಯಾಸವಿದೆ. ದಂಡಿಯು ಮೊದಲು ಮಾರ್ಗ, ಆಮೇಲೆ ಅರ್ಥಾಲಂಕಾರ, ಕೊನೆಗೆ ಯಮಕಾದಿ ಶಬ್ದಾಲಂಕಾರ ಮತ್ತು ದೋಷಗಳನ್ನು ಹೇಳಿದರೆ, ಕನ್ನಡ ಗ್ರಂಥಕಾರನು ದೋಷಾದೋಷಗಳಿಂದಲೇ ಆರಂಭಿಸಿ, ಎರಡನೆಯ ಪರಿಚ್ಛೇದದಲ್ಲಿ ಶಬ್ದಾಲಂಕಾರವನ್ನೂ ಮೂರನೆಯದರಲ್ಲಿ ಅರ್ಥಾಲಂಕಾರವನ್ನೂ ಇಡುತ್ತಾನೆ. ಸಂಸ್ಕೃತ ಕನ್ನಡ ಪದಗಳ ಸಮಾಸ, ಪ್ರಾಸದ ನಿಯಮ ಮೊದಲಾದ ಕನ್ನಡದ್ದೇ ಆದ ಸಮಸ್ಯೆಗಳಿಗೆ ಅವನಲ್ಲಿ ಮೊದಲ ಸ್ಥಾನ. ಅನುವಾದವೆ, ಸ್ವತಂತ್ರ ಕೃತಿಯೆ ಎಂಬ ಹಳೆಯ ಚರ್ಚೆಗೆ ಇಳಿಯುವವರು ಈ ಕ್ರಮವ್ಯತ್ಯಾಸವನ್ನು ತಾವೇ ಕೋಷ್ಟಕ ಹಾಕಿ ನೋಡುವುದು ಒಳ್ಳೆಯದು. ಕಾವ್ಯಾದರ್ಶದ ಆವೃತ್ತಿಗಳಲ್ಲಿ ಎಂ. ರಂಗಾಚಾರ್ಯರು ತರುಣವಾಚಸ್ಪತಿಯ ವ್ಯಾಖ್ಯಾನ ಮತ್ತು ಹೃದಯಂಗಮಾ ಎಂಬ ವ್ಯಾಖ್ಯಾನಗಳೊಡನೆ ಮದರಾಸಿನಲ್ಲಿ ಹೊರತಂದದ್ದು (1910), ರತ್ನಶ್ರೀಜ್ಞಾನನ ವ್ಯಾಖ್ಯಾನದೊಡನೆ ದರ್ಭಂಗದ ಮಿಥಿಲಾ ಸಂಸ್ಥೆ ಪ್ರಕಟಿಸಿದ್ದು (1957), ಇವೆರಡೂ ಅವಶ್ಯ. ಮೂಲದಲ್ಲಿ ಧ್ವನಿ ಎಂಬ ಹೆಸರು ಇಲ್ಲದಿದ್ದರೂ ಅಂತಹ ಅರ್ಥವನ್ನು ಹಿಂದಿನವರು ಯಾವ ಅಲಂಕಾರಗಳಲ್ಲಿ ಕಂಡರೆಂಬುದು ವ್ಯಾಖ್ಯಾನಗಳಿಂದಲೇ ತಿಳಿಯಬೇಕು. ದಂಡಿಯ ಪ್ರಭಾವ ಸಿಂಹಳ, ತಮಿಳು, ಟಿಬೆಟನ್ ಭಾಷೆಗಳಲ್ಲಿ ಹರಡಿದ ಬಗೆಯನ್ನು ಕನ್ನಡದ ಜೊತೆಗೇ ಇಟ್ಟು ನೋಡುವ ಪ್ರಬಂಧಸಂಕಲನವೊಂದು ಯಿಗಾಲ್ ಬ್ರೋನರ್ ಅವರ ಸಂಪಾದಕತ್ವದಲ್ಲಿ 2023ರಲ್ಲಿ ಪ್ರಕಟವಾಗಿದೆ. ಕವಿರಾಜಮಾರ್ಗವನ್ನು ಕರ್ನಾಟಕದ ಗಡಿಯೊಳಗಷ್ಟೇ ಓದುವ ಅಭ್ಯಾಸವುಳ್ಳವರಿಗೆ ಅದು ಹೊಸ ಪ್ರಶ್ನೆಗಳನ್ನು ಒಡ್ಡಬಲ್ಲದು.

ಕಾವ್ಯಾವಲೋಕನದ ಬಗೆಗೂ ಒಂದು ಮಾತು. ಇದನ್ನು 1903ರಲ್ಲಿ ಆರ್. ನರಸಿಂಹಾಚಾರ್ಯರೂ 1967ರಲ್ಲಿ ಎಚ್. ದೇವೀರಪ್ಪನವರೂ ಸಂಪಾದಿಸಿದ್ದಾರೆ. ಇದು ಲಕ್ಷಣಗ್ರಂಥವಾಗಿ ಎಷ್ಟು ಮುಖ್ಯವೋ ಲಕ್ಷ್ಯಪದ್ಯಗಳ ಭಂಡಾರವಾಗಿಯೂ ಅಷ್ಟೇ ಮುಖ್ಯ. ಇಂದು ಪೂರ್ಣವಾಗಿ ದೊರೆಯದ ಕಾವ್ಯಗಳ ಪದ್ಯಗಳು ಇಂತಹ ಗ್ರಂಥಗಳಲ್ಲಿ ಉದಾಹರಣೆಗಳಾಗಿ ಉಳಿದುಬಂದಿವೆ. ಅವುಗಳನ್ನು ಮಲ್ಲಿಕಾರ್ಜುನನ ಸೂಕ್ತಿಸುಧಾರ್ಣವದೊಡನೆ ಹೋಲಿಸುವ ಕೆಲಸ ಪ್ರತಿಯೊಬ್ಬ ಸಂಶೋಧಕನ ದಿನಚರಿಯಲ್ಲಿ ಸೇರಬೇಕಾದದ್ದು. ಧ್ವನಿ ಎಂಬ ಮಾತು ಕವಿರಾಜಮಾರ್ಗದಿಂದ ಈಚಿನ ಲಾಕ್ಷಣಿಕರಲ್ಲಿ ಮುಂದುವರಿಯಿತೆ, ನಿಂತುಹೋಯಿತೆ ಎಂಬುದಕ್ಕೆ ಉತ್ತರ ದೊರೆಯಬೇಕಾದದ್ದೂ ಇಲ್ಲಿಯೇ.

4

ಪ್ರಕ್ಷೇಪದ ಸಂದೇಹ ಬಂದಾಗ ಅಚ್ಚಾದ ಪುಸ್ತಕ ಸಾಲದು, ಓಲೆಗರಿಗೆ ಹೋಗಬೇಕು. ಮೈಸೂರಿನ ಪ್ರಾಚ್ಯ ಗ್ರಂಥಾಲಯ 1891ರಲ್ಲಿ ಸ್ಥಾಪಿತವಾದದ್ದು. ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಅದೇ. ಮೈಸೂರು ವಿಶ್ವವಿದ್ಯಾಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯ ಕನ್ನಡ ಹಸ್ತಪ್ರತಿಗಳು ಮತ್ತು ಅವುಗಳ ವರ್ಣನಾತ್ಮಕ ಸೂಚಿಗಳು, 1939ರಲ್ಲಿ ಧಾರವಾಡದಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆಯ ಸಂಗ್ರಹ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗ, ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯ, ಇವು ಎಲ್ಲರಿಗೂ ಗೊತ್ತಿರುವ ನೆಲೆಗಳು. ಜೈನ ಮಠಗಳ ಭಂಡಾರಗಳು ಇಷ್ಟೇ ಮುಖ್ಯ. ಮೂಡುಬಿದಿರೆ, ಕಾರ್ಕಳ ಮೊದಲಾದ ಕಡೆಗಳ ತಾಡಪತ್ರಗಳಿಗೆ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಸೂಚಿಯನ್ನು ಕಾಶಿಯ ಭಾರತೀಯ ಜ್ಞಾನಪೀಠ 1948ರಲ್ಲಿ ಹಿಂದಿಯಲ್ಲಿ ಪ್ರಕಟಿಸಿತು. ಹಿಂದಿಯಲ್ಲಿರುವ ಕಾರಣಕ್ಕೋ ಏನೋ, ಕನ್ನಡ ವಿಭಾಗಗಳಲ್ಲಿ ಇದನ್ನು ಬಳಸುವವರು ವಿರಳ. ಸಂಸ್ಕೃತ ಮೂಲಗಳಿಗೆ ಮದರಾಸು ವಿಶ್ವವಿದ್ಯಾಲಯದ ನ್ಯೂ ಕೆಟಲಾಗಸ್ ಕೆಟಲಾಗರಂ ಸಂಪುಟಗಳು ಇವೆ.

ಸೂಚಿಯಲ್ಲಿ ಪ್ರತಿಯ ಸಂಖ್ಯೆ ಸಿಕ್ಕಿತೆಂದರೆ ಕೆಲಸ ಮುಗಿಯಲಿಲ್ಲ. ಪ್ರತಿ ಪೂರ್ಣವೋ ಅಪೂರ್ಣವೋ, ಪುಷ್ಪಿಕೆಯಲ್ಲಿ ಏನಿದೆ, ಅದು ಇನ್ನೊಂದು ಓಲೆಪ್ರತಿಯಿಂದ ಈಚೆಗೆ ಕಾಗದಕ್ಕೆ ಇಳಿಸಿದ ನಕಲೋ ಎಂಬುದನ್ನು ನೋಡಬೇಕು. ಒಂದೇ ಮೂಲದಿಂದ ಇಳಿದ ಎರಡು ನಕಲುಗಳನ್ನು ಎರಡು ಸಾಕ್ಷ್ಯಗಳೆಂದು ಎಣಿಸುವುದು ಗ್ರಂಥಸಂಪಾದನೆಯ ನಿಯಮಕ್ಕೆ ವಿರುದ್ಧ.

ಚರ್ಚೆಯ ಇತಿಹಾಸ ಬೇಕಾದರೆ ನಿಯತಕಾಲಿಕೆಗಳಿಗೆ ಹೋಗಬೇಕು. ಪ್ರಬುದ್ಧ ಕರ್ಣಾಟಕ, ಪರಿಷತ್ಪತ್ರಿಕೆ, ಸಾಧನೆ, ಕರ್ನಾಟಕ ಭಾರತಿ, ಮಾನವಿಕ ಕರ್ನಾಟಕ, ಇವುಗಳ ಹಳೆಯ ಸಂಚಿಕೆಗಳು ಬಹಳ ಕಡೆ ರಟ್ಟು ಕಟ್ಟಿಸಿ ಇಟ್ಟಿದ್ದರೂ ಲೇಖನಗಳ ಮಟ್ಟದ ಸೂಚಿ ಕಪಾಟಿನ ಬಳಿ ಇರುವುದಿಲ್ಲ. ವರ್ಷಾಂತ್ಯದ ಸಂಚಿಕೆಯಲ್ಲಿ ಪರಿವಿಡಿ ಇದ್ದರೆ ಅಲ್ಲಿಂದ, ಇಲ್ಲವಾದರೆ ಸಂಚಿಕೆ ಸಂಚಿಕೆ ತಿರುವಿ ನೋಡುವುದೊಂದೇ ದಾರಿ. ಅಭಿನಂದನ ಗ್ರಂಥಗಳ ಸ್ಥಿತಿ ಇನ್ನೂ ಶೋಚನೀಯ. ಬಿ. ಎಂ. ಶ್ರೀಕಂಠಯ್ಯನವರಿಗೆ ಅರ್ಪಿತವಾದ ಸಂಭಾವನೆ (1941) ಮೊದಲ್ಗೊಂಡು ನಮ್ಮ ಒಳ್ಳೆಯ ವಿದ್ವಲ್ಲೇಖನಗಳು ಇಂತಹ ಸಂಪುಟಗಳಲ್ಲಿ ಅಡಗಿವೆ. ಸೂಚಿಯಲ್ಲಿ ಸಂಪುಟದ ಹೆಸರು ಕಾಣುತ್ತದೆ, ಒಳಗಿನ ಲೇಖನದ ಹೆಸರು ಕಾಣುವುದಿಲ್ಲ.

5

ಅಂತರ್ಜಾಲದ ವಿಷಯಕ್ಕೆ ಬಂದರೆ, ಕನ್ನಡದ ಹಳೆಯ ಮುದ್ರಣಗಳಿಗೆ ಇಂದು ಅತಿ ದೊಡ್ಡ ನೆಲೆ ಇಂಟರ್ನೆಟ್ ಆರ್ಕೈವ್. ಭಾರತೀಯ ವಿಜ್ಞಾನ ಸಂಸ್ಥೆ ಮೊದಲಾದವು ಸೇರಿ ಕಟ್ಟಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಸ್ವಂತ ತಾಣ 2017ರ ವೇಳೆಗೆ ಮುಚ್ಚಿಹೋಯಿತು. ಅದರ ಪುಸ್ತಕಗಳ ಬಹುಭಾಗ ಇಂಟರ್ನೆಟ್ ಆರ್ಕೈವಿನಲ್ಲಿ ಉಳಿದಿದೆ. ಆದರೆ ಅವುಗಳ ಶೀರ್ಷಿಕೆಗಳನ್ನು ರೋಮನ್ ಲಿಪಿಯಲ್ಲಿ ಮನಬಂದಂತೆ ಬರೆದಿರುವುದರಿಂದ ಒಂದೇ ಕಾಗುಣಿತವನ್ನು ನೆಚ್ಚುವಂತಿಲ್ಲ. ಕವಿರಾಜಮಾರ್ಗವನ್ನು ದೀರ್ಘಸ್ವರ ಸೂಚಿಸಿ, ಸೂಚಿಸದೆ, ಎರಡು ಪದಗಳಾಗಿ ಒಡೆದು, ಕೊನೆಯಲ್ಲಿ ಮಕಾರ ಸೇರಿಸಿ, ಗಕಾರವನ್ನು ಇಮ್ಮಡಿಸಿ, ಹೀಗೆ ನಾಲ್ಕಾರು ಬಗೆಯಲ್ಲಿ ಹುಡುಕಬೇಕು. ನೃಪತುಂಗನ ಮೊದಲಕ್ಷರ 'ನೃ' ಇಕಾರದಲ್ಲೂ ಉಕಾರದಲ್ಲೂ ದೊರೆಯುತ್ತದೆ. ಅದೇ ತಾಣದಲ್ಲಿ ಬೆಂಗಳೂರಿನಿಂದ ನಡೆಯುವ ಸರ್ವೆಂಟ್ಸ್ ಆಫ್ ನಾಲೆಡ್ಜ್ ಯೋಜನೆಯವರು ಏರಿಸಿರುವ ಪ್ರತಿಗಳೂ ಇವೆ. ಪುಸ್ತಕ ಸಂಚಯ ಎಂಬ ಯೋಜನೆ ಇಂತಹ ಪುಸ್ತಕಗಳ ಮಾಹಿತಿಯನ್ನು ಕನ್ನಡ ಲಿಪಿಯಲ್ಲಿ ಹುಡುಕುವಂತೆ ಮಾಡಿದ್ದು ಮೆಚ್ಚತಕ್ಕ ಕೆಲಸ.

ಇಲ್ಲಿ ಒಂದು ಓರೆ ಇದೆ. ಅದು ತಾಂತ್ರಿಕವಲ್ಲ, ಕಾನೂನಿನದು. ನಮ್ಮ ದೇಶದಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಇದರ ಫಲವಾಗಿ ಮುಕ್ತವಾಗಿ ದೊರೆಯುವುದು 1898, 1903ರಂತಹ ಆದ್ಯ ಮುದ್ರಣಗಳು. 1968ರ, 1983ರ ಪರಿಷ್ಕೃತ ಆವೃತ್ತಿಗಳು ಇನ್ನೂ ಸ್ವಾಮ್ಯದ ಅವಧಿಯಲ್ಲಿವೆ. ಅಂತರ್ಜಾಲವನ್ನೇ ನೆಚ್ಚಿದ ವಿದ್ಯಾರ್ಥಿ ತನಗರಿವಿಲ್ಲದೆಯೇ ನೂರಿಪ್ಪತ್ತು ವರ್ಷಗಳ ಹಿಂದಿನ ಪಾಠದ ಮೇಲೆ, ಆ ಕಾಲದ ಕರ್ತೃನಿರ್ಣಯದ ಮೇಲೆ ತನ್ನ ವಾದವನ್ನು ಕಟ್ಟುತ್ತಾನೆ. ಅವನ ಪ್ರಬಂಧದಲ್ಲಿ ನೃಪತುಂಗನೇ ಗ್ರಂಥಕರ್ತೃವಾಗಿ ಮರಳಿ ಬಂದರೆ ಅದು ಹೊಸ ವಾದವಲ್ಲ, ದೊರೆತ ಪ್ರತಿಯ ಪ್ರಭಾವ.

ಎರಡನೆಯ ತೊಡಕು ಅಕ್ಷರಗಳದು. ಬಿಂಬವನ್ನು ಓದಿ ಪಠ್ಯವಾಗಿಸುವ ತಂತ್ರಾಂಶಗಳು ಹೊಸಗನ್ನಡ ಮುದ್ರಣವನ್ನು ತಕ್ಕಮಟ್ಟಿಗೆ ಓದುತ್ತವೆ. ಹಳಗನ್ನಡದ ಱ, ೞ ಬಂದ ಕಡೆ ತಪ್ಪುತ್ತವೆ. ಸ್ವಯಂಸೇವಕರು ಬೆರಳಚ್ಚಿಸಿದ ಪಠ್ಯಗಳಲ್ಲಿ ಈ ಅಕ್ಷರಗಳನ್ನು ರ, ಳ ಎಂದು ಬದಲಿಸಿರುವುದೂ ಉಂಟು. ಯಾವುದೇ ಪದ ಒಂದು ಗ್ರಂಥದಲ್ಲಿ ಇಲ್ಲವೆಂದು ಗಣಕದ ಹುಡುಕಾಟವೊಂದರಿಂದಲೇ ತೀರ್ಮಾನಿಸಕೂಡದು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಸಿದ್ಧವಾದ ಪ್ರಬಂಧಗಳದು ಇನ್ನೊಂದು ಕಥೆ. ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ತಾಣದಲ್ಲಿ ಕನ್ನಡ ಪ್ರಬಂಧಗಳು ಇವೆ, ಆದರೆ ಯೂನಿಕೋಡಿನಲ್ಲಿಲ್ಲದ ಪಠ್ಯದ ಒಳಗೆ ಕನ್ನಡ ಪದವನ್ನು ಹುಡುಕಿದರೆ ಏನೂ ಸಿಗದು. ಅಲ್ಲಿ ವಿಶ್ವವಿದ್ಯಾಲಯ, ವಿಭಾಗಗಳ ಮೂಲಕ ಇಳಿದು, ಒಂದೊಂದೇ ಪರಿವಿಡಿಯನ್ನು ತೆರೆದು ನೋಡುವುದೇ ಮೇಲು.

ಸಂಸ್ಕೃತ ಪಠ್ಯಗಳಿಗೆ ಗಾಟಿಂಗೆನ್ ವಿಶ್ವವಿದ್ಯಾಲಯದ ಗ್ರೆಟಿಲ್ ಸಂಗ್ರಹ ಹೆಚ್ಚು ನೆರವಿನದು. ಅಲ್ಲಿನ ಕಡತಗಳ ತಲೆಬರಹದಲ್ಲಿ ಯಾವ ಆವೃತ್ತಿಯಿಂದ ಪಠ್ಯವನ್ನು ತೆಗೆದುಕೊಂಡಿದೆಯೆಂದು ಸಾಮಾನ್ಯವಾಗಿ ಹೇಳಿರುತ್ತದೆ. ನಮ್ಮ ಕನ್ನಡ ತಾಣಗಳು ಮೊದಲು ಕಲಿಯಬೇಕಾದದ್ದು ಈ ಶಿಸ್ತನ್ನು. ಅರಿಸ್ಟಾಟಲನೊಡನೆ ಹೋಲಿಸುವವರಿಗೆ ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ತಾಣದಲ್ಲಿ ರೆಟರಿಕ್ ಗ್ರಂಥದ ಗ್ರೀಕ್ ಮೂಲವೂ ಇಂಗ್ಲಿಷ್ ಅನುವಾದವೂ ಇವೆ. ಪಾರಿಭಾಷಿಕ ಪದಗಳಿಗೆ, 1995ರಲ್ಲಿ ಎಂಟು ಸಂಪುಟಗಳಲ್ಲಿ ಪೂರ್ಣಗೊಂಡ ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟನ್ನೇ ನೋಡಬೇಕು. ಧ್ವನಿ, ಮಾರ್ಗ, ಭಾವ ಮೊದಲಾದ ಪದಗಳಿಗೆ ಅದು ಪ್ರಯೋಗಗಳನ್ನು ಕೊಡುವುದರಿಂದ, ಅರ್ಥಕ್ಕಿಂತ ಹೆಚ್ಚಾಗಿ ಆ ಪ್ರಯೋಗಗಳ ಮೂಲಕ್ಕೆ ಹೋಗುವುದು ನಮ್ಮ ಉದ್ದೇಶವಾಗಬೇಕು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 2016ರಲ್ಲಿ ಆರಂಭಿಸಿದ ಭಾರತವಾಣಿಯಲ್ಲಿಯೂ ಹಲವು ಕೋಶಗಳು ದೊರೆಯುತ್ತವೆ.

ಅಂತರ್ಜಾಲದಿಂದ ಒಂದು ಪ್ರತಿಯನ್ನು ಇಳಿಸಿಕೊಂಡ ಕೂಡಲೇ ಮಾಡಬೇಕಾದ ಕೆಲಸಗಳು ಕೆಲವಿವೆ. ತಾಣದ ವಿವರಣೆಯಲ್ಲಿ ಹೇಳಿರುವ ವರ್ಷವನ್ನು ನಂಬದೆ ಮುಖಪುಟ, ಅದರ ಹಿಂಬದಿಗಳನ್ನು ತೆರೆದು ಪ್ರಕಾಶಕರು, ಮುದ್ರಣ, ವರ್ಷಗಳನ್ನು ಗುರುತಿಸಿಕೊಳ್ಳಬೇಕು. ಪುಟಗಳು ಅನುಕ್ರಮವಾಗಿವೆಯೆ ಎಂದು ಪರೀಕ್ಷಿಸಬೇಕು. ನಡುವೆ ಪುಟಗಳು ಬಿಟ್ಟುಹೋದ, ಅಂಚಿನ ಅಡಿಟಿಪ್ಪಣಿ ಕತ್ತರಿಸಿಹೋದ ಪ್ರತಿಗಳು ಅಪರೂಪವಲ್ಲ, ಮತ್ತು ಪಾಠಾಂತರಗಳು ಇರುವುದು ಅಡಿಟಿಪ್ಪಣಿಗಳಲ್ಲಿಯೇ. ಆಮೇಲೆ ಆ ಪ್ರತಿಯ ವಿಳಾಸವನ್ನೂ ನೋಡಿದ ದಿನಾಂಕವನ್ನೂ ಬರೆದಿಟ್ಟುಕೊಳ್ಳಬೇಕು. 2017ರಲ್ಲಿ ಒಂದು ದೊಡ್ಡ ತಾಣವೇ ಮುಚ್ಚಿಹೋದದ್ದನ್ನು ಕಂಡವರಿಗೆ ಇದರ ಅಗತ್ಯವನ್ನು ಬೇರೆ ವಿವರಿಸಬೇಕಾಗಿಲ್ಲ.

ಧ್ವನಿಯ ಪ್ರಶ್ನೆಯನ್ನು ಹೀಗೆ ಬೆನ್ನುಹತ್ತಿದವರ ಮೇಜಿನ ಮೇಲೆ ಕವಿರಾಜಮಾರ್ಗದ ನಾಲ್ಕು ಆವೃತ್ತಿಗಳು, ಕಾವ್ಯಾದರ್ಶದ ಎರಡು, ಧ್ವನ್ಯಾಲೋಕ, ಕಾವ್ಯಾವಲೋಕನ, ಹಸ್ತಪ್ರತಿಗಳ ಟಿಪ್ಪಣಿ, ಹಳೆಯ ಪತ್ರಿಕೆಗಳ ನಕಲುಗಳು ಸೇರುತ್ತವೆ. ಇವುಗಳಲ್ಲಿ ಸುಮಾರು ಅರ್ಧ ಗಣಕದಲ್ಲಿ ದೊರೆತವು, ಉಳಿದರ್ಧ ಗ್ರಂಥಾಲಯಕ್ಕೆ ಹೋಗಿ ನೋಡಿದವು. ಕವಿರಾಜಮಾರ್ಗದ ಎಲ್ಲ ಆವೃತ್ತಿಗಳ ಪದ್ಯಸಂಖ್ಯೆಗಳನ್ನು ಒಂದರ ಎದುರು ಒಂದಿಟ್ಟು, ಕಾವ್ಯಾದರ್ಶದ ಸಮಾನ ಶ್ಲೋಕಗಳನ್ನೂ ಸೇರಿಸಿ ಕೋಷ್ಟಕವೊಂದನ್ನು ಯೂನಿಕೋಡಿನಲ್ಲಿ ಸಿದ್ಧಪಡಿಸುವುದು ಒಂದು ಸ್ನಾತಕೋತ್ತರ ವಿಭಾಗದ ವಿದ್ಯಾರ್ಥಿಗಳು ಒಂದು ವರ್ಷದಲ್ಲಿ ಮುಗಿಸಬಹುದಾದ ಕೆಲಸ. ಸಾಮ್ಯಗಳನ್ನು ಹಿಂದಿನ ಸಂಪಾದಕರು ಗುರುತಿಸಿಯೇ ಇದ್ದಾರೆ. ಅವನ್ನು ಪರೀಕ್ಷಿಸಿ ಒಂದೆಡೆ ತರುವುದಷ್ಟೇ ಬಾಕಿ.